ಸಮುವೇಲನು ದಾರಿಯಲ್ಲೇ ಇದ್ದನು

ಈ ದಿನದ ಧ್ಯಾನಕ್ಕಾಗಿ 1 ಸಮುವೇಲ 13ನೇ ಅಧ್ಯಾಯವನ್ನು ತೆರೆಯಿರಿ, 5ರಿಂದ 15ನೇ ವಚನದವರೆಗೆ. ಮೊಬೈಲ್‌ನಲ್ಲಿ ಓದುವವರು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ. ತಾಳ್ಮೆಯ ಸಂದೇಶ ಕೇಳ್ತಾ ಕೇಳ್ತಾನೇ ನಾಲ್ಕು ಸಲ ವಾಟ್ಸಾಪ್ ನೋಡಿದರೆ ಚೆನ್ನಾಗಿರಲ್ಲ, ಅಲ್ವಾ?

ಸನ್ನಿವೇಶ ನೋಡಿ. ಫಿಲಿಷ್ಟಿಯರು ಮಿಕ್ಮಾಷಿನಲ್ಲಿ ಪಾಳೆಯ ಹಾಕಿದ್ದಾರೆ. ಅವರಿಗೆ ರಥಗಳಿವೆ, ಕುದುರೆ ಸವಾರರಿದ್ದಾರೆ. ಇಸ್ರಾಯೇಲಿನಲ್ಲಿ ಒಬ್ಬ ಕಮ್ಮಾರನೂ ಇಲ್ಲ. ಸೌಲ, ಯೋನಾತಾನ ಇವರಿಬ್ಬರನ್ನು ಬಿಟ್ಟರೆ ಯಾರ ಕೈಯಲ್ಲೂ ಕತ್ತಿಯಿಲ್ಲ ಎಂದು ಇದೇ ಅಧ್ಯಾಯದ ಕೊನೆಯಲ್ಲಿ ಓದುತ್ತೇವೆ. ಜನ ಗವಿಗಳಲ್ಲಿ, ಪೊದೆಗಳಲ್ಲಿ, ಬಂಡೆಗಳ ಸಂದಿಯಲ್ಲಿ ಅಡಗಿಕೊಂಡರು. ಕೆಲವರು ಯೊರ್ದನ್ ಹೊಳೆಯನ್ನೇ ದಾಟಿ ಹೋದರು. ಸೌಲನು ಮಾತ್ರ ಗಿಲ್ಗಾಲಿನಲ್ಲಿ ಕಾಯುತ್ತಿದ್ದಾನೆ, ಏಕೆಂದರೆ ಏಳು ದಿನ ಕಾಯಬೇಕೆಂದು ಸಮುವೇಲನು ಹೇಳಿದ್ದನು.

ಒಂದನೇ ದಿನ ಆಯ್ತು. ಮೂರನೇ ದಿನ ಆಯ್ತು. ಪ್ರತಿದಿನ ಬೆಳಗ್ಗೆ ಎದ್ದು ನೋಡಿದರೆ ಜನ ಇನ್ನಷ್ಟು ಕಡಿಮೆ. ಏಳನೇ ದಿನವೂ ಬಂತು, ಸಮುವೇಲ ಮಾತ್ರ ಕಾಣಿಸುತ್ತಿಲ್ಲ. ಆಗ ಸೌಲನು ಸರ್ವಾಂಗಹೋಮವನ್ನೂ ಸಮಾಧಾನಯಜ್ಞವನ್ನೂ ತನ್ನಿ ಎಂದ. ಸರ್ವಾಂಗಹೋಮವನ್ನು ತಾನೇ ಅರ್ಪಿಸಿಬಿಟ್ಟ. 10ನೇ ವಚನ ನೋಡಿ: ಅದು ಮುಗಿಯುತ್ತಿದ್ದ ಹಾಗೇ ಸಮುವೇಲನು ಬಂದನು. ಎರಡು ಯಜ್ಞಗಳಲ್ಲಿ ಒಂದು ಮುಗಿದಿತ್ತು ಅಷ್ಟೇ. ಅಂದರೆ ಸೌಲನು ಕಟ್ಟಿಗೆ ಜೋಡಿಸುವಾಗ ಸಮುವೇಲನು ದಾರಿಯಲ್ಲೇ ಇದ್ದನು. ಬೆಂಕಿ ಹಚ್ಚುವಾಗಲೂ ದಾರಿಯಲ್ಲೇ ಇದ್ದನು. ಪಕ್ಕದಲ್ಲಿ ಕೂತಿರುವವರಿಗೆ ಹೇಳಿ: "ಸಮುವೇಲ ದಾರಿಯಲ್ಲಿದ್ದಾನೆ." ಹಲ್ಲೆಲೂಯಾ!

ಈ ವಾಕ್ಯಭಾಗದಿಂದ ಮೂರು ವಿಷಯಗಳನ್ನು ಕಲಿಯೋಣ.

ಮೊದಲನೆಯದು, ಆತುರವು ಭಕ್ತಿಯ ವೇಷದಲ್ಲಿ ಬರುತ್ತದೆ. ಸೌಲನು ಮಾಡಿದ್ದು ಕಳ್ಳತನವಲ್ಲ, ವ್ಯಭಿಚಾರವಲ್ಲ. ಅವನು ದೇವರಿಗೆ ಬಲಿ ಅರ್ಪಿಸಿದ. ಹೊರಗಿನಿಂದ ನೋಡಿದವರು "ಎಂಥ ಭಕ್ತ ಅರಸ!" ಅಂದಿರಬಹುದು. ನಮ್ಮಲ್ಲೂ ಹೀಗೇ. ನಾವು ತಾಳ್ಮೆ ಕಳೆದುಕೊಂಡೆವು ಅಂತ ಯಾರೂ ಹೇಳಲ್ಲ. "ಕರ್ತನು ನನ್ನ ಸಂಗಡ ಮಾತಾಡಿದನು" ಅಂತೀವಿ. ರಾತ್ರಿ ಹನ್ನೊಂದಕ್ಕೆ ಮ್ಯಾನೇಜರ್ ಮೇಲೆ ಸಿಟ್ಟು ಬಂದಿರುತ್ತೆ, ಬೆಳಗ್ಗೆ ಏಳಕ್ಕೆ ಅದೇ ಸಿಟ್ಟು ಸೇವೆಯ ಕರೆಯಾಗಿ ಬದಲಾಗಿರುತ್ತೆ! ಕರೆ ನಿಜವೇ ಇರಬಹುದು. ಆದರೆ ನಿಜವಾದ ಕರೆ ಒಂದು ತಿಂಗಳು ಕಾದರೆ ಸಾಯೋದಿಲ್ಲ.

ಎರಡನೆಯದು, ಆತುರಕ್ಕೆ ಕೊಡುವ ಕಾರಣಗಳು ಸುಳ್ಳಾಗಿರಬೇಕಾಗಿಲ್ಲ. 11ನೇ ವಚನದಲ್ಲಿ ಸೌಲನು ಮೂರು ಕಾರಣ ಕೊಡುತ್ತಾನೆ. ಜನ ಚದುರುತ್ತಿದ್ದರು. ನೀನು ಹೇಳಿದ ಸಮಯಕ್ಕೆ ಬರಲಿಲ್ಲ. ಫಿಲಿಷ್ಟಿಯರು ಸೇರಿಬಂದಿದ್ದರು. ಕಣ್ಣಿಗೆ ಕಂಡಿದ್ದನ್ನೇ ಹೇಳಿದ! ಆದರೆ ಆ ಮೂರರಲ್ಲಿ ದೇವರು ಎಲ್ಲೂ ಇಲ್ಲ. ಕೊನೆಗೆ ಸೌಲನ ಹತ್ತಿರ ಉಳಿದವರು ಸುಮಾರು 600 ಜನ. ನ್ಯಾಯಸ್ಥಾಪಕರು 7ನೇ ಅಧ್ಯಾಯದಲ್ಲಿ ದೇವರು ಗಿದ್ಯೋನನ 32,000 ಜನರನ್ನು 300ಕ್ಕೆ ಇಳಿಸಿದನು, ಆ 300 ಜನರ ಮೂಲಕವೇ ಜಯ ಕೊಟ್ಟನು. ಸೌಲನ ಹತ್ತಿರ ಗಿದ್ಯೋನನ ಎರಡರಷ್ಟು ಜನ ಇದ್ದರು, ಪ್ರಿಯರೇ. ಜನ ಕಡಿಮೆಯಾಗಿದ್ದರಿಂದ ದೇವರ ಕೈ ಕಡಿಮೆಯಾಗಿರಲಿಲ್ಲ.

ಮೂರನೆಯದು, ಇದನ್ನು ದಯವಿಟ್ಟು ಬರೆದುಕೊಳ್ಳಿ. ಸೌಲನು ಯಾವುದಕ್ಕಾಗಿ ಕಾಯಬೇಕಾಗಿತ್ತು? ಬಲಿಗಾಗಿ ಮಾತ್ರ ಅಂದುಕೊಂಡಿದ್ದೀವಿ. 10ನೇ ಅಧ್ಯಾಯದ 8ನೇ ವಚನಕ್ಕೆ ಹೋಗಿ. ಸಮುವೇಲನು ಬಂದು, ಸೌಲನು ಏನು ಮಾಡಬೇಕೆಂಬುದನ್ನು ತಿಳಿಸಬೇಕಾಗಿತ್ತು. ಅವನು ಮಾತು ತರುವವನಿದ್ದ! ಸೌಲನಿಗೆ ಬಲಿಯ ಹೊಗೆ ಸಿಕ್ಕಿತು, ದೇವರ ಆಲೋಚನೆ ಸಿಗಲಿಲ್ಲ. 15ನೇ ವಚನದಲ್ಲಿ ಸಮುವೇಲನು ಎದ್ದು ಹೊರಟುಹೋದನು. ಸೌಲನು ಅಲ್ಲೇ ನಿಂತು ಜನರನ್ನು ಎಣಿಸುತ್ತಾನೆ. ಆತುರದ ದೊಡ್ಡ ನಷ್ಟ ಇದೇ. ನಾವು ಬೇಡಿದ್ದು ಕೈಗೆ ಬಂದಿರುತ್ತೆ, ಮುಂದಿನ ಹೆಜ್ಜೆಗೆ ಬೇಕಾದ ಮಾತು ಮಾತ್ರ ಇರಲ್ಲ.

ಇದು ಒಂದು ದಿನದ ಜಾರುವಿಕೆಯಾಗಿ ಉಳಿಯಲಿಲ್ಲ. 14ನೇ ಅಧ್ಯಾಯದಲ್ಲಿ ಯಾಜಕನು ದೇವರನ್ನು ವಿಚಾರಿಸುತ್ತಿರುವಾಗಲೇ, ಶತ್ರುಗಳ ಪಾಳೆಯದಲ್ಲಿ ಗದ್ದಲ ಹೆಚ್ಚಾಯಿತೆಂದು ಸೌಲನು "ಸಾಕು, ಕೈ ತೆಗೆ" ಎನ್ನುವ ಹಾಗೆ ಅವನನ್ನು ತಡೆದ. ಅದೇ ದಿನ, ಸಂಜೆಯವರೆಗೆ ಏನಾದರೂ ತಿಂದವನಿಗೆ ಶಾಪ ಎಂದು ಆಣೆ ಇಡಿಸಿದ್ದ. ಅದನ್ನು ಕೇಳಿಸಿಕೊಳ್ಳದ ಸ್ವಂತ ಮಗ ಯೋನಾತಾನ ಜೇನು ತಿಂದ. ಜನ ಅಡ್ಡ ಬರದಿದ್ದರೆ ಮಗನೇ ಸಾಯುತ್ತಿದ್ದ. ಆತುರ ಒಮ್ಮೆ ಒಳಗೆ ಬಂದರೆ ಅಭ್ಯಾಸವಾಗುತ್ತೆ, ಅದರ ಬೆಲೆಯನ್ನು ಮನೆಯವರು ಕೊಡಬೇಕಾಗುತ್ತೆ.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮ ಸಭೆಯ ಒಬ್ಬ ಸಹೋದರಿ, ಅವರ ಅನುಮತಿ ಕೇಳಿಯೇ ಹೇಳ್ತಿದ್ದೀನಿ. ವಯಸ್ಸು ಮೂವತ್ತರ ಹತ್ತಿರ. ಮನೆಯಲ್ಲಿ ಪ್ರತಿ ವಾರ ಅದೇ ಮಾತು: "ತಂಗಿ ಮದುವೆ ಆಯ್ತು, ನಿಂದು ಯಾವಾಗ?" ಒಂದು ಸಂಬಂಧ ಬಂತು. ವಿಶ್ವಾಸಿ ಕುಟುಂಬ, ಒಳ್ಳೆ ಕೆಲಸ. ಆದರೆ ಶುಕ್ರವಾರ ಹೇಳಿ, ಭಾನುವಾರದೊಳಗೆ ಉತ್ತರ ಬೇಕು, ಇಲ್ಲದಿದ್ದರೆ ಬೇರೆ ಕಡೆ ನೋಡ್ತೀವಿ ಅಂದರು. ಹುಡುಗನ ಜೊತೆ ಎರಡು ಸಲ ಕೂತು ಮಾತಾಡೋಕೆ ಅವಕಾಶ ಕೊಡಿ ಅಂತ ಈ ಸಹೋದರಿ ಕೇಳಿದರು. ಆ ಕಡೆಯವರು ಕಾಯಲಿಲ್ಲ, ಹೋದರು.

ಆಮೇಲೆ ಅದಕ್ಕಿಂತ ಒಳ್ಳೆ ಸಂಬಂಧ ಬಂತು ಅಂತ ಹೇಳ್ತೀನಿ ಅಂದ್ಕೊಂಡ್ರಾ? ಇನ್ನೂ ಬಂದಿಲ್ಲ. ಇದು ಇನ್ನೂ ಸಾಕ್ಷಿಯಾಗಿಲ್ಲ, ಪ್ರಾರ್ಥನೆಯಾಗಿಯೇ ಇದೆ. ಆದರೆ ಅವರು ನನ್ನ ಹೆಂಡತಿಗೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ: "ಅಕ್ಕಾ, ಅಳು ಬಂತು. ಆದರೆ ಭಯದಿಂದ ಹೂಂ ಅನ್ನಲಿಲ್ಲವಲ್ಲ, ಅದಕ್ಕೆ ಸಮಾಧಾನ ಇದೆ." ಕಾದರೆ ಬೇಡಿದ್ದೆಲ್ಲಾ ಸಿಗುತ್ತೆ ಅಂತ ನಾನು ಈ ವೇದಿಕೆಯಿಂದ ಮಾತು ಕೊಡಲಾರೆ. ಆದರೆ ಕಾಯುವವರ ಪಕ್ಕದಲ್ಲಿ ಕರ್ತನು ಇರುತ್ತಾನೆ ಅಂತ ಧೈರ್ಯವಾಗಿ ಹೇಳುತ್ತೇನೆ. ಆಮೆನ್?

ಒಂದು ಎಚ್ಚರಿಕೆ. ತಾಳ್ಮೆ ಅಂದರೆ ಎಲ್ಲವನ್ನೂ ಸಹಿಸುವುದಲ್ಲ. ಮನೆಯಲ್ಲಿ ಹೊಡೆತ ತಿನ್ನುತ್ತಿದ್ದರೆ ಕಾಯಬೇಡಿ, ಇವತ್ತೇ ಹೇಳಿ, ಸಹಾಯ ಪಡೆಯಿರಿ. ಎದೆನೋವು ಬಂದರೆ ಮೊದಲು ಆಸ್ಪತ್ರೆಗೆ ಹೋಗಿ, ನಾವು ಅಲ್ಲಿಗೇ ಬಂದು ಪ್ರಾರ್ಥಿಸುತ್ತೇವೆ.

ಹಾಗಾದರೆ ಕಾಯುವುದು ಹೇಗೆ? ಯಾಕೋಬ 5:7ರಲ್ಲಿ ಮಳೆಗಾಗಿ ಕಾಯುವ ರೈತನ ಮಾದರಿ ಇದೆ. ನಿಮ್ಮಲ್ಲಿ ಎಷ್ಟೋ ಜನರ ಅಜ್ಜ-ಅಜ್ಜಿ ಊರಲ್ಲಿ ರಾಗಿ ಬೆಳೆದವರು. ಬಿತ್ತಿದ ಮೇಲೆ ತಿಂಗಳುಗಟ್ಟಲೆ ಅವರು ಸುಮ್ಮನೆ ಕೂತಿರಲಿಲ್ಲ. ಕುಂಟೆ ಹೊಡೆದರು, ಕಳೆ ಕಿತ್ತರು, ದನ ನುಗ್ಗದ ಹಾಗೆ ಹೊಲ ಕಾದರು. ಪೈರನ್ನು ಹಿಡಿದು ಎಳೆಯುವ ಕೆಲಸ ಒಂದನ್ನು ಮಾತ್ರ ಮಾಡಲಿಲ್ಲ! ನೀವೂ ಹಾಗೇ ಮಾಡಿ. ರಾಜೀನಾಮೆ ಪತ್ರ ಬರೆದಿದ್ದೀರಾ? ಕಳಿಸುವ ಮೊದಲು ಮನೆಯವರ ಹತ್ತಿರ ಕೂತು ಮಾತಾಡಿ, ಇಎಂಐ ಲೆಕ್ಕ ಹಾಕಿ. ಸಿಟ್ಟಿನ ಮೆಸೇಜ್ ಟೈಪ್ ಮಾಡಿದ್ದೀರಾ? ಬೆಳಗಿನ ಪ್ರಾರ್ಥನೆ ಆಗುವವರೆಗೆ ಬಿಡಿ. ಮೊಬೈಲ್ ಆಪ್‌ನಲ್ಲಿ ಐದು ನಿಮಿಷಕ್ಕೆ ಸಾಲ ಸಿಗುತ್ತಾ? ಬಡ್ಡಿ ಎಷ್ಟು ಅಂತ ತಿಳಿದವರೊಬ್ಬರಿಗೆ ತೋರಿಸಿ. ಪ್ರತಿ ಸಲ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನನ್ನನ್ನು ನಡೆಸುತ್ತಿರುವುದು ದೇವರ ಮಾತೋ, ಭಯವೋ?

ಕೊನೆಯದಾಗಿ, ನಾವು ಪೆಂತೆಕೊಸ್ತಿನವರು. ಅಪೊಸ್ತಲರ ಕೃತ್ಯಗಳು 1ನೇ ಅಧ್ಯಾಯದಲ್ಲಿ ಯೆರೂಸಲೇಮನ್ನು ಬಿಟ್ಟು ಹೋಗದೆ ತಂದೆಯ ವಾಗ್ದಾನಕ್ಕಾಗಿ ಕಾಯಿರಿ ಎಂದು ಯೇಸು ಹೇಳಿದನು. ಸೌಲನಿಗೆ ಏಳು ದಿನ ಎಂಬ ಲೆಕ್ಕವಾದರೂ ಇತ್ತು. ಶಿಷ್ಯರಿಗೆ ಹೆಚ್ಚು ದಿನವಾಗುವುದಿಲ್ಲ ಎಂಬುದು ಬಿಟ್ಟರೆ ತಾರೀಖು ಗೊತ್ತಿರಲಿಲ್ಲ. ಸುಮಾರು 120 ಜನ ಒಂದೇ ಮನಸ್ಸಿನಿಂದ ಪ್ರಾರ್ಥಿಸುತ್ತಾ ಕಾದರು. ಸುಮಾರು ಹತ್ತು ದಿನಗಳ ನಂತರ ಪವಿತ್ರಾತ್ಮನು ಇಳಿದು ಬಂದನು. ಗಿಲ್ಗಾಲಿನ ಬೆಂಕಿ ಮನುಷ್ಯನು ಹಚ್ಚಿದ್ದು. ಮೇಲಂತಸ್ತಿನ ಬೆಂಕಿ ಪರಲೋಕದಿಂದ ಬಂದದ್ದು. ಹಲ್ಲೆಲೂಯಾ! ಗಲಾತ್ಯ 5:22ರಲ್ಲಿ ದೀರ್ಘಶಾಂತಿ ಎಂಬ ಫಲವನ್ನು ಕೊಡುವವನು ಅದೇ ಆತ್ಮನು. ನಮ್ಮ ಸ್ವಂತ ಬಲದಿಂದ ಕಾಯಲು ಆಗಲ್ಲ, ಅದಕ್ಕೇ ಆತನನ್ನು ಕೇಳೋಣ.

ಎಲ್ಲರೂ ಎದ್ದು ನಿಲ್ಲಿ, ಕಣ್ಣು ಮುಚ್ಚಿ. ಇವತ್ತು ಯಾವುದೋ ನಿರ್ಣಯದ ಏಳನೇ ದಿನದಲ್ಲಿ ನಿಂತಿರುವವರು ಕೈ ಎತ್ತಿ.

ಪ್ರೀತಿಯ ಪರಲೋಕದ ತಂದೆಯೇ, ಎತ್ತಿರುವ ಪ್ರತಿಯೊಂದು ಕೈಯನ್ನು ನೋಡು. ಇವರಲ್ಲಿ ಭಯ ಇದೆ, ಮನೆಯವರ ಒತ್ತಡ ಇದೆ, ನೀನು ಬಲ್ಲೆ. ನಿನ್ನ ಮಾತು ಬರುವ ತನಕ ಇವರನ್ನು ಹಿಡಿದುಕೋ ಕರ್ತನೇ. ಆತುರದಿಂದ ಈಗಾಗಲೇ ಕೆಡಿಸಿಕೊಂಡವರಿಗೂ ಯೇಸುವಿನ ರಕ್ತದಲ್ಲಿ ಕ್ಷಮೆಯಿದೆ, ಅವರನ್ನು ಎಬ್ಬಿಸಿ ನಿಲ್ಲಿಸು. ಪವಿತ್ರಾತ್ಮನೇ, ದೀರ್ಘಶಾಂತಿಯಿಂದ ನಮ್ಮನ್ನು ತುಂಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.