ಕೊಂಡ ಹೆಸರು, ಮಾಡುವ ಕಾಯಕ

ದುಡಿದು ಉಣ್ಣುವ ಗೃಹಸ್ಥನಿಗೆ ಎರಡು ಪ್ರಶ್ನೆಗಳು ತಪ್ಪಿದವಲ್ಲ: ಯಾವ ಕೆಲಸವನ್ನು ಮಾಡಲಿ? ಯಾರನ್ನು ನಂಬಿ ಮಾಡಲಿ? ಫ್ರಾಂಚೈಸಿ ಎಂಬ ವ್ಯಾಪಾರಪದ್ಧತಿಯು ಈ ಎರಡಕ್ಕೂ ಸಿದ್ಧ ಉತ್ತರವನ್ನು ಮಾರುತ್ತದೆ. ಹೆಸರಾದ ಸಂಸ್ಥೆಗೆ ಹಣ ತೆತ್ತು, ಅದರ ಹೆಸರಿನಲ್ಲಿ, ಅದರ ಕ್ರಮದಂತೆ ಅಂಗಡಿ ನಡೆಸುವುದೇ ಈ ಪದ್ಧತಿ. ಹೆಸರು ಅವರದು, ಬಂಡವಾಳವೂ ನಷ್ಟವೂ ನಮ್ಮವು. ಹಾಗಾದರೆ ಇವುಗಳಲ್ಲಿ ತಕ್ಕುದನ್ನು ಆರಿಸುವ ಬಗೆ ಯಾವುದು?

ಮೊದಲು ಲೆಕ್ಕವನ್ನು ನೋಡೋಣ. 1965ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಹುಟ್ಟಿದ ಸಬ್‌ವೇ ಎಂಬ ಉಪಾಹಾರ ಸಂಸ್ಥೆಯು ಆ ದೇಶದ ತನ್ನ ಅಂಗಡಿಕಾರರಿಂದ ಬಹುಕಾಲ ನೂರಕ್ಕೆ 8ರಂತೆ ರಾಯಲ್ಟಿಯನ್ನೂ, ಜಾಹೀರಾತಿಗೆಂದು ನೂರಕ್ಕೆ 4.5ರಷ್ಟನ್ನೂ ಪಡೆಯುತ್ತ ಬಂದಿದೆ. ಈ ಪಾಲು ಲಾಭದ ಮೇಲಿನದಲ್ಲ, ಮಾರಾಟದ ಮೇಲಿನದು. ಇದೇ ದರದಲ್ಲಿ ತಿಂಗಳಿಗೆ 4 ಲಕ್ಷ ರೂಪಾಯಿ ಮಾರಾಟವಾಗುವ ಅಂಗಡಿಯೊಂದನ್ನು ಊಹಿಸಿರಿ. ಸರಕು, ಬಾಡಿಗೆ, ಸಂಬಳಗಳನ್ನು ಕಳೆದು 40,000 ಉಳಿದರೂ ಹೆಸರಿನವರಿಗೆ 50,000 ಸಲ್ಲಬೇಕು. ಅವರು ಗಳಿಸಿದ ತಿಂಗಳಲ್ಲಿಯೇ ಇವನು 10,000 ಕಳೆದುಕೊಂಡನು. ಇಬ್ಬರ ಹಿತವೂ ಒಂದೇ ಎಂಬ ಮಾತು ಎಲ್ಲ ಕಾಲಕ್ಕೂ ನಿಜವಲ್ಲ.

ಇಂತಹ ಮಾರಾಟದಲ್ಲಿ ಕೊಳ್ಳುವವನು ಮೋಸಹೋಗಬಾರದೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1978ರಲ್ಲಿ ನಿಯಮವೊಂದನ್ನು ಮಾಡಿತು. 2007ರಲ್ಲಿ ತಿದ್ದುಪಡಿಯಾದ ಆ ನಿಯಮದಂತೆ, ಸಹಿಗೂ ಹಣಕ್ಕೂ ಕನಿಷ್ಠ 14 ದಿನ ಮೊದಲೇ 23 ಅಂಶಗಳ ವಿವರಪತ್ರವನ್ನು ಕೊಳ್ಳುವವನ ಕೈಗೆ ಕೊಡಬೇಕು. ಸಂಸ್ಥೆಯ ವ್ಯಾಜ್ಯಗಳು, ತಗಲುವ ವೆಚ್ಚ, ಮುಚ್ಚಿದ ಅಂಗಡಿಗಳು, ಹಿಂದಿನ ವರ್ಷ ಬಿಟ್ಟುಹೋದವರ ಹೆಸರುಗಳು ಅದರಲ್ಲಿರಬೇಕು. ಈ ಕಡೆಯ ಪಟ್ಟಿಯೇ ಅತ್ಯಮೂಲ್ಯವಾದುದು. ಒಳಗಿರುವವನು ತನ್ನ ಅಂಗಡಿಯನ್ನು ಹೊಗಳಿಯಾನು. ಬಾಯಿ ಕಟ್ಟುವ ಕರಾರಿಲ್ಲದಿದ್ದರೆ ಹೊರಬಂದವನು ನಿಜವನ್ನು ನುಡಿದಾನು.

ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯಿದೆಯಿಲ್ಲ. 1872ರ ಕರಾರು ಕಾಯಿದೆ, 1999ರ ಟ್ರೇಡ್ ಮಾರ್ಕ್ ಕಾಯಿದೆ ಮೊದಲಾದವುಗಳೇ ಆಧಾರ. ಆದುದರಿಂದ ಅಲ್ಲಿ ಕಾನೂನು ಕೇಳುವುದನ್ನು ಇಲ್ಲಿ ಕೊಳ್ಳುವವನೇ ಕೇಳಬೇಕು. ಬಿಟ್ಟುಹೋದವರು ಯಾರು? ಇದೇ ಹೆಸರಿನ ಇನ್ನೊಂದು ಅಂಗಡಿ ನನ್ನ ಬೀದಿಯಲ್ಲೇ ತೆರೆಯಬಹುದೆ? ಕರಾರು ಮುಗಿದಾಗ ನನಗೆ ಉಳಿಯುವುದೇನು?

ಕೇಳದಿರುವುದಕ್ಕೆ ಅಜ್ಞಾನವೊಂದೇ ಕಾರಣವಲ್ಲ. ಉತ್ತರ ಬಂದರೆ ಆಸೆ ಮುರಿದೀತೆಂಬ ಅಂಜಿಕೆಯೂ ಕಾರಣ. ‘ನೀವು ಅಂಗಡಿಯಲ್ಲಿ ಕೂಡಬೇಕಾಗಿಲ್ಲ, ಹಣ ತಾನೇ ಬರುತ್ತದೆ’ ಎಂಬ ಮಾತಿಗೆ ಮನೆಯನ್ನು ಅಡವಿಡುವವನು ಮಾರುವವನಿಂದ ವಂಚಿತನಾಗುವ ಮೊದಲೇ ತನ್ನ ಮನಸ್ಸಿನಿಂದ ವಂಚಿತನಾಗಿರುತ್ತಾನೆ. ಕೆಲಸದಿಂದ ಬಿಡುಗಡೆಯನ್ನು ಕೊಳ್ಳಹೊರಟವನಿಗೆ ಕಾಯಕವೆಲ್ಲಿಯದು? ಕೊಂಡ ಹೆಸರು ಗಿರಾಕಿಯನ್ನು ಒಮ್ಮೆ ಬಾಗಿಲಿಗೆ ತಂದೀತು. ಅವನನ್ನು ಮತ್ತೆ ಬರಮಾಡುವುದು ಶುಚಿ, ಸರಿಯಾದ ತೂಕ, ನಯವಾದ ಮಾತು. ಇವುಗಳನ್ನು ಯಾವ ಸಂಸ್ಥೆಯೂ ಮಾರುವುದಿಲ್ಲ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ತಂದಲ್ಲಿಗೇ ಮರಳಿಸಿರೆಂದು ಹೇಳಿದ ಪ್ರಸಂಗವನ್ನು ಸದ್ಭಕ್ತರೆಲ್ಲರೂ ಬಲ್ಲರು. ಒಂದರ ಬದಲು ಮೂರು ಅಂಗಡಿ ಹಿಡಿಯಿರೆಂದು ಏಜೆಂಟನು ಒತ್ತಾಯಿಸುವಾಗ ಆ ತಾಯಿಯ ಮಾತು ನೆನಪಾಗಬೇಕು. ಮಡದಿಯ ಒಡವೆಯನ್ನು ಅಡವಿಡುವ ಮುನ್ನ ಆಕೆಯ ಮುಂದೆ ಲೆಕ್ಕವನ್ನೆಲ್ಲ ಇಡುವುದು ಬುದ್ಧಿವಂತಿಕೆಯೂ ಹೌದು, ಧರ್ಮವೂ ಹೌದು.

ಆದುದರಿಂದ ತಕ್ಕ ವ್ಯಾಪಾರವನ್ನು ಅದು ತರಬಹುದಾದ ಹಣದಿಂದಷ್ಟೇ ಅಳೆಯಲಾಗದು. ನಾನು ದಿನವೂ ನಿಂತು ಮಾಡಬಲ್ಲ ಕೆಲಸವೆ? ನನ್ನ ಮಕ್ಕಳಿಗೆ ಉಣಿಸಬಲ್ಲ, ಉಡಿಸಬಲ್ಲ ಸರಕೆ? ಹೋದರೂ ಮನೆ ಉಳಿಯುವಷ್ಟೇ ಹಣವೆ? ಈ ಮೂರಕ್ಕೂ ಅಳುಕಿಲ್ಲದೆ ಹೌದೆನ್ನಬಲ್ಲವನು ಸಹಿ ಮಾಡಲಿ. ಅಳುಕುವವನು ಸ್ವಂತ ಹೆಸರಿನ ಸಣ್ಣ ಅಂಗಡಿಯಲ್ಲಿ ಕುಳಿತರೂ ಅವನಿಗೆ ಕೊರತೆಯಿಲ್ಲ. ಆ ಹೆಸರಿಗೆ ಅವನು ಯಾರಿಗೂ ಪಾಲು ತೆರಬೇಕಾಗಿಲ್ಲ.