ನೆರೆಮನೆಯ ರೊಟ್ಟಿ

ನಮ್ಮ ಧಾರವಾಡ ಸೀಮೆಯಲ್ಲಿ ಶ್ರಾವಣ ಮಾಸ ಬಂದರೆ ನಾಗಪ್ಪನಿಗೆ ಹಾಲೆರೆಯುವ ಮೊದಲು ರೊಟ್ಟಿಗೆ ಒಂದು ದಿನ ಸಲ್ಲುತ್ತದೆ. ನಾಗಚೌತಿಯ ಹಿಂದಿನ ದಿನ ರೊಟ್ಟಿ ಪಂಚಮಿ. ಕೆಲವು ಮನೆಗಳಲ್ಲಿ ರೊಟ್ಟಿ ಹಬ್ಬ ಎನ್ನುತ್ತಾರೆ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಡಿಕೆಕಾಳಿನ ಪಲ್ಯ, ಹೆಸರುಕಾಳು, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಹೋಳಿಗೆ ಇಲ್ಲ, ಪಾಯಸ ಇಲ್ಲ. ಅಡುಗೆ ಮುಗಿದ ಮೇಲೆ ಹೆಣ್ಣುಮಕ್ಕಳು ತಾಟಿನಲ್ಲಿ ನಾಲ್ಕು ರೊಟ್ಟಿ, ಅದರ ಮೇಲೆ ಪಲ್ಯ ಇಟ್ಟುಕೊಂಡು ಓಣಿಯ ಮನೆಮನೆಗೆ ಹೋಗುತ್ತಾರೆ. "ವೈನಿ, ರೊಟ್ಟಿ ತಗೋರಿ" ಎಂದರೆ ಒಳಗಿನಿಂದ ಇನ್ನೊಂದು ತಾಟು ಬರುತ್ತದೆ. ಖಾಲಿ ತಾಟನ್ನು ಯಾರೂ ತಿರುಗಿ ಕೊಡುವುದಿಲ್ಲ.

ಈಗ ಹುಬ್ಬಳ್ಳಿ-ಧಾರವಾಡದ ಖಾನಾವಳಿಗಳಲ್ಲೂ ಹಬ್ಬದೂಟ ಸಿಗುತ್ತದೆ. ಸಂಕ್ರಾಂತಿಗೆ ಮಾದಲಿ, ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ. ಯುಗಾದಿಗೆ ಬೇವು, ಹೋಳಿಗೆ, ಕಟ್ಟಿನ ಸಾರು. ಪಂಚಮಿ ಸಮೀಪಿಸಿದರೆ ಮಿಠಾಯಿ ಅಂಗಡಿಗಳಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ಲಡಕಿ ಉಂಡಿಗಳ ಡಬ್ಬಿಗಳು ಸಾಲಾಗಿ ಕೂಡುತ್ತವೆ. ಮನೆಯ ಅಡುಗೆಮನೆಯಲ್ಲಿ ಹುಟ್ಟಿದ ಹಬ್ಬ ಬೀದಿಗೆ ಬಂದಿದೆ. ಇದನ್ನು ಕಂಡು "ಎಲ್ಲಾ ವ್ಯಾಪಾರ ಆತು" ಎಂದು ಮರುಗುವವರು ನಮ್ಮಲ್ಲಿ ಬಹಳ ಜನ. ನನಗೆ ಅಷ್ಟು ಬೇಗ ಮರುಗಲು ಆಗುವುದಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ರೊಟ್ಟಿ ಪಂಚಮಿಯಲ್ಲಿ ಹಬ್ಬ ಎಂಬುದು ಯಾವುದು? ರೊಟ್ಟಿಯೋ, ಅದನ್ನು ಹಂಚುವುದೋ?

ರೊಟ್ಟಿ ನಮಗೆ ದಿನದ ಊಟ. ವರ್ಷವಿಡೀ ತಿನ್ನುವುದಕ್ಕೆ ಹಬ್ಬ ಏಕೆ ಬೇಕು ಎಂಬುದಕ್ಕೆ ಹಿರಿಯರು ಹೇಳುವ ಉತ್ತರ ಸರಳವಾಗಿದೆ. ನಾಗಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡಬಾರದು, ಹಂಚಿನ ಆಕಾರ ನಾಗನ ಹೆಡೆಯನ್ನು ನೆನಪಿಸುತ್ತದೆ ಎಂಬ ನಂಬಿಕೆ. ಅದಕ್ಕೇ ಮುಂಚಿತವಾಗಿ ರೊಟ್ಟಿ ಬಡಿದು, ತೇವ ಆರುವತನಕ ಬೇಯಿಸಿ ಖಡಕ್ ಮಾಡಿ ಬುಟ್ಟಿ ತುಂಬಿಸಿಡುತ್ತಾರೆ. ಈ ಉತ್ತರ ಅರ್ಧ ಮಾತ್ರ ಸರಿ. ಎರಡು ದಿನಕ್ಕೆ ರೊಟ್ಟಿ ಕೂಡಿಡುವುದೇ ಉದ್ದೇಶವಾಗಿದ್ದರೆ ತಮ್ಮ ತಮ್ಮ ಬುಟ್ಟಿ ತುಂಬಿಸಿಕೊಂಡು ಸುಮ್ಮನಿರಬಹುದಿತ್ತು. ಓಣಿಯೆಲ್ಲ ತಿರುಗಿ ಹಂಚುವ ಗರಜೇ ಇರಲಿಲ್ಲ.

ಉತ್ತರದ ಉಳಿದರ್ಧ ಹೊಲದಲ್ಲಿದೆ ಎಂದು ನನಗೆ ತೋರುತ್ತದೆ. ಧಾರವಾಡ ಪಟ್ಟಣಕ್ಕೆ ಪಶ್ಚಿಮದಲ್ಲಿ ಮಲೆನಾಡಿನ ಸೆರಗು, ಭತ್ತದ ಗದ್ದೆ. ಪೂರ್ವಕ್ಕೆ ಹೊರಳಿದರೆ ಹೆಬ್ಬಳ್ಳಿಯಂಥ ಊರುಗಳು, ಕಣ್ಣು ಹಾಯುವಷ್ಟು ದೂರ ಎರೆಭೂಮಿ. ಈ ಎರೆಭೂಮಿಯಲ್ಲಿ ಬಿಳಿಜೋಳ ಹಿಂಗಾರಿ ಬೆಳೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿ, ನೆಲದಲ್ಲಿ ಉಳಿದ ಹಸಿಯ ಮೇಲೆ, ಚಳಿಗಾಲದ ಇಬ್ಬನಿಯಲ್ಲಿ ಬೆಳೆಸಿ, ಜನವರಿ ಫೆಬ್ರುವರಿ ಹೊತ್ತಿಗೆ ಕೊಯ್ಯುತ್ತಾರೆ. ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಇಡುತ್ತಿದ್ದರು. ಶ್ರಾವಣ ಬರುವ ಹೊತ್ತಿಗೆ ಆ ಜೋಳ ಅರ್ಧ ವರ್ಷ ಹಳತು. ಹೊಸ ಜೋಳ ಬರಲು ಇನ್ನೂ ಅರ್ಧ ವರ್ಷ. ಹೊಲದಲ್ಲಿ ಹೆಸರು ಒಂದು ಕಾಯಿಗೆ ಬಂದಿರುತ್ತದೆ, ಅಷ್ಟೇ. ಬಡವರ ಮನೆಯಲ್ಲಿ ಜೋಳದ ಚೀಲ ತಳ ಕಾಣುವ ಕಾಲ ಇದು.

ಅಂಥ ಹೊತ್ತಿನಲ್ಲಿ ಊರಿಗೆ ಊರೇ ರೊಟ್ಟಿ ಹಂಚಿಕೊಳ್ಳುತ್ತದೆ. ಉಳ್ಳವರ ಮನೆಯಿಂದ ಇಲ್ಲದವರ ಮನೆಗೆ ರೊಟ್ಟಿ ಹೋಗುತ್ತದೆ, ಆದರೆ ಅದು ದಾನವಾಗಿ ಹೋಗುವುದಿಲ್ಲ. ಎಲ್ಲರೂ ಕೊಡುವ ದಿನ, ಎಲ್ಲರೂ ಇಸಿದುಕೊಳ್ಳುವ ದಿನ. ಹತ್ತು ರೊಟ್ಟಿ ಬಂದ ಮನೆಯವರು ಎರಡೇ ರೊಟ್ಟಿ ತಿರುಗಿ ಕೊಟ್ಟರೂ ಲೆಕ್ಕ ಸರಿಹೋಗುತ್ತದೆ. ಇಸಿದುಕೊಂಡವರು ತಲೆ ತಗ್ಗಿಸಬೇಕಾಗಿಲ್ಲ, ಕೊಟ್ಟವರು ಎದೆ ಉಬ್ಬಿಸುವಂತಿಲ್ಲ. ಹಬ್ಬ ಎಂಬ ಹೆಸರಿನಲ್ಲಿ ಹಸಿವನ್ನೂ ಮಾನವನ್ನೂ ಒಟ್ಟಿಗೆ ಕಾಯುವ ಈ ಉಪಾಯವನ್ನು ಯಾರು ಕಂಡುಹಿಡಿದರೋ, ಅವರಿಗೆ ನಾನು ಕೈಮುಗಿಯುತ್ತೇನೆ.

ಇನ್ನೊಂದು ಸಂಗತಿ ಇದೆ. ಆ ದಿನ ಮನೆಯವರು ತಮ್ಮ ರೊಟ್ಟಿಗಿಂತ ಹೆಚ್ಚಾಗಿ ಊರವರ ರೊಟ್ಟಿ ತಿನ್ನುತ್ತಾರೆ. ಸಂಜೆ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ನೋಡಬೇಕು. ಒಂದು ರೊಟ್ಟಿ ಹಪ್ಪಳದಷ್ಟು ತೆಳ್ಳಗೆ, ಬೆಳಕಿಗೆ ಹಿಡಿದರೆ ಆಚೆಯ ಬೆಳಕು ಕಾಣುವಂಥದು. ಒಂದರ ಅಂಚು ದಪ್ಪ, ನಡು ತೆಳ್ಳಗೆ. ಒಂದರ ಮೇಲೆ ಬೆರಳಿನ ಗುರುತು ಹಾಗೇ ಉಳಿದಿದೆ. ಒಂದಕ್ಕೆ ಬಿಳಿ ಎಳ್ಳು, ಒಂದಕ್ಕೆ ಕರಿ ಎಳ್ಳು. ರೊಟ್ಟಿ ನೋಡಿಯೇ ಯಾರ ಕೈಯದು ಎಂದು ನಮ್ಮ ಹಿರಿಯ ಹೆಂಗಸರು ಹೇಳಬಲ್ಲರು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಹಿಟ್ಟಿಗೆ ಕುದಿಯುವ ಎಸರು ಹೊಯ್ದು, ಅಂಗೈಯ ಬುಡದಿಂದ ನಾದಿ ನಾದಿ ಜಿಗಿ ಬರಿಸಬೇಕು. ಆಮೇಲೆ ಒಣಹಿಟ್ಟು ಹಾಕಿ ಬಡಿಯುತ್ತ ಬಡಿಯುತ್ತ ತಿರುಗಿಸಬೇಕು. ಹಂಚಿಗೆ ಹಾಕಿದ ಕೂಡಲೇ ಮೇಲೆ ನೀರು ಸವರಬೇಕು. ಹಿಟ್ಟು ಹಳತಾಗಿದ್ದರೆ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಇಷ್ಟೆಲ್ಲ ಕೈಯಲ್ಲೇ ಆಗುವುದರಿಂದ ಕೈ ಬದಲಾದರೆ ರೊಟ್ಟಿ ಬದಲಾಗುತ್ತದೆ. ನೆರೆಮನೆಯ ರೊಟ್ಟಿ ತಿನ್ನುವುದೆಂದರೆ ನೆರೆಮನೆಯ ಕೈಯನ್ನು ಅರಿಯುವುದು.

ಹಾಗಾದರೆ ಖಾನಾವಳಿಯ ಹಬ್ಬದ ತಾಟಿನಲ್ಲಿ ಏನಿದೆ?

ಮೊದಲು ಒಂದು ನ್ಯಾಯದ ಮಾತು ಹೇಳಬೇಕು. ಧಾರವಾಡ ಓದಲು ಬಂದವರ ಊರು. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು, ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ. ಈಗ ಸಪ್ತಾಪುರದ ಗಲ್ಲಿಗಲ್ಲಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೇಂದ್ರಗಳು. ಹಿಂದೆ ಬಡ ಹುಡುಗರು ವಾರಾನ್ನದ ಮೇಲೆ ಓದುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಮಠಗಳ ಪ್ರಸಾದ ನಿಲಯಗಳು ಸಾವಿರಾರು ಮಕ್ಕಳ ಹೊಟ್ಟೆ ಹೊರೆದವು. ಇವೆರಡರ ನಡುವೆ ಬೆಳೆದದ್ದು ಖಾನಾವಳಿ. ಬಹಳ ಕಡೆ ಅದು ಒಬ್ಬ ಹೆಣ್ಣುಮಗಳು ತನ್ನ ಮನೆಯ ಪಡಸಾಲೆಯಲ್ಲೇ ನಾಲ್ಕು ಜನರಿಗೆ ಊಟ ಹಾಕುವುದರಿಂದ ಶುರುವಾದದ್ದು. ತಿಂಗಳ ಲೆಕ್ಕದ ಹುಡುಗರಿಗೆ ಹಬ್ಬದ ದಿನ ಹೆಚ್ಚಿನ ದುಡ್ಡು ಇಸಿದುಕೊಳ್ಳದೆ ಹೋಳಿಗೆ ಬಡಿಸುವ ಪದ್ಧತಿಯನ್ನು ಒಳ್ಳೆಯ ಖಾನಾವಳಿಗಳು ಇಂದಿಗೂ ಬಿಟ್ಟಿಲ್ಲ. ಪಂಚಮಿಗೆ ಊರಿಗೆ ಹೋಗಲಾಗದೆ ಖೋಲಿಯಲ್ಲಿ ಕೂತು ಪರೀಕ್ಷೆಗೆ ಓದುವ ಹುಡುಗಿಗೆ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿದ ನರ್ಸಿಗೆ, ಲಾರಿ ನಿಲ್ಲಿಸಿ ಉಣ್ಣಲು ಬಂದ ಡ್ರೈವರಿಗೆ ಹಬ್ಬ ಸಿಗುವುದು ಅಲ್ಲೇ. ಅವರ ಪಾಲಿನ ನೆರೆಮನೆ ಖಾನಾವಳಿ. ಅದನ್ನು ಬರೀ ವ್ಯಾಪಾರ ಎನ್ನುವುದು ಅನ್ಯಾಯ.

ಈಗ ಜಗತ್ತೂ ಆಹಾರಕ್ಕೆ ದಿನಗಳನ್ನು ಗೊತ್ತುಮಾಡಿದೆ. ಅಕ್ಟೋಬರ್ 16 ವಿಶ್ವ ಆಹಾರ ದಿನ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1945ರಲ್ಲಿ ಹುಟ್ಟಿದ ದಿನ ಅದು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು, ನಮ್ಮ ಜೋಳ, ಸಜ್ಜೆಗಳಿಗೂ ಅದರಿಂದ ಮರ್ಯಾದೆ ಬಂತು. ಮಾರ್ಚ್ 30ರಂದು ಇಡ್ಲಿ ದಿನ. ಇವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಇಡ್ಲಿ ದಿನದಂದು ನಾವು ಮಾಡುವುದೇನು? ಹೋಟೆಲಿಗೆ ಹೋಗಿ ಬಗೆಬಗೆಯ ಇಡ್ಲಿ ತಿಂದು, ಫೋಟೋ ತೆಗೆದು, ಬಿಲ್ಲು ಕೊಟ್ಟು ಬರುತ್ತೇವೆ. ತಿನಿಸಿಗೆ ಗೌರವ ಸಂದಿತು, ಸರಿ. ಪಕ್ಕದ ಟೇಬಲ್ಲಿನವರು ಯಾರೆಂದು ಗೊತ್ತಾಗಲಿಲ್ಲ. ತಿನಿಸೊಂದೇ ಸಾಕು, ಮನುಷ್ಯರು ಬೇಡ ಎನ್ನುವ ಹಬ್ಬ ಬಹಳ ದಿನ ಬಾಳುವುದಿಲ್ಲ ಎಂಬುದು ನನ್ನ ನಂಬಿಕೆ. ರೊಟ್ಟಿ ಪಂಚಮಿಗೆ ಯಾರೂ ಪ್ರಚಾರ ಮಾಡಲಿಲ್ಲ, ಯಾವ ಸಂಸ್ಥೆಯೂ ಘೋಷಿಸಲಿಲ್ಲ, ಆದರೂ ಅದು ಉಳಿದಿದೆ. ಒಬ್ಬರು ರೊಟ್ಟಿ ಕೊಟ್ಟ ಮೇಲೆ ಇನ್ನೊಬ್ಬರು ಕೊಡಲೇಬೇಕು ಎಂಬ ಕಟ್ಟಿನ ಮೇಲೆ ಅದು ನಿಂತಿದೆ.

ಇದೇ ಕಟ್ಟು ದೊಡ್ಡದಾಗಿ ಬೆಳೆದದ್ದನ್ನು ಗದಗ ಜಿಲ್ಲೆಯ ಡಂಬಳದಲ್ಲಿ ನೋಡಬೇಕು. ಅಲ್ಲಿಯ ತೋಂಟದಾರ್ಯ ಮಠದ ಜಾತ್ರೆಯಲ್ಲಿ ಪ್ರತಿ ವರ್ಷ ರೊಟ್ಟಿ ಜಾತ್ರೆ ನಡೆಯುತ್ತದೆ. ಜೋಳದ ಸುಗ್ಗಿಯ ಹೊತ್ತು ಅದು. ಊರವರು ಮನೆಮನೆಯಲ್ಲಿ ರೊಟ್ಟಿ ಬಡಿದು ಮಠಕ್ಕೆ ತಂದು ಒಪ್ಪಿಸುತ್ತಾರೆ. ಕರಿಂಡಿ, ಭಜ್ಜಿ ಪಲ್ಯ, ಅಗಸಿ ಹಿಂಡಿಯ ಜೊತೆ ಎಲ್ಲ ಜಾತಿ, ಎಲ್ಲ ಧರ್ಮದವರು ಸಾಲಾಗಿ ನಿಂತು ರೊಟ್ಟಿಯನ್ನು ಅಂಗೈಯಲ್ಲೇ ಹಿಡಿದು ಉಣ್ಣುತ್ತಾರೆ. 2018ರಲ್ಲಿ ಲಿಂಗೈಕ್ಯರಾದ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಇದನ್ನು ಭಾವೈಕ್ಯದ ಜಾತ್ರೆಯಾಗಿ ಬೆಳೆಸಿದರು. ಅಲ್ಲಿ ರೊಟ್ಟಿ ಯಾರ ಮನೆಯದು ಎಂದು ಕೇಳುವವರಿಲ್ಲ. ಜಾತಿ ನೋಡಿ ನೀರು ಕೊಡುತ್ತಿದ್ದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ನಮ್ಮ ಓಣಿಗಳ ರೊಟ್ಟಿ ಪಂಚಮಿಯಲ್ಲಿ ತಾಟು ಎಲ್ಲಿಯತನಕ ಹೋಗುತ್ತದೆ, ಯಾವ ಮನೆಯ ಮುಂದೆ ನಿಲ್ಲದೆ ಮುಂದೆ ಸಾಗುತ್ತದೆ ಎಂಬುದನ್ನು ನಾವು ಪ್ರಾಮಾಣಿಕವಾಗಿ ನೋಡಿಕೊಳ್ಳಬೇಕು. ಹಂಚುವ ಹಬ್ಬಕ್ಕೂ ಒಂದು ಗೆರೆ ಇತ್ತು, ಕೆಲವು ಕಡೆ ಇನ್ನೂ ಇದೆ. ಈ ವಿಷಯದಲ್ಲಿ ಖಾನಾವಳಿ ನಮ್ಮ ಓಣಿಗಿಂತ ಮುಂದಿದೆ. ಅಲ್ಲಿ ಬೆಂಚಿನ ಮೇಲೆ ಕೂತವನ ಜಾತಿಯನ್ನು ರೊಟ್ಟಿ ಕೇಳುವುದಿಲ್ಲ.

ಆದರೆ ಖಾನಾವಳಿಯ ಹಬ್ಬದಲ್ಲಿ ನನ್ನನ್ನು ಕಾಡುವ ಜಾಗ ಒಂದಿದೆ. ಅದು ಅಡುಗೆಕೋಣೆಯ ಒಲೆಯ ಮುಂದಿನ ಜಾಗ. ಹೊರಗೆ ನಾವು ಎರಡನೆಯ ರೊಟ್ಟಿ ಕೇಳುತ್ತಿರುವಾಗ ಒಳಗೆ ಒಬ್ಬ ಹೆಣ್ಣುಮಗಳು ಒಂದೇ ಸಮನೆ ಬಡಿಯುತ್ತಿರುತ್ತಾಳೆ. ಹೊಗೆ, ಝಳ, ಕುಕ್ಕರಗಾಲಿನಲ್ಲಿ ಕೂತು ಸೋತ ಸೊಂಟ. ಮನೆಯಲ್ಲಿ ರೊಟ್ಟಿ ಬಡಿದು ಅಂಗಡಿಗೆ, ಖಾನಾವಳಿಗೆ ಕೊಡುವ ನೂರಾರು ಹೆಂಗಸರು ಈ ಅವಳಿ ನಗರದಲ್ಲಿದ್ದಾರೆ. ಅವರ ಖಡಕ್ ರೊಟ್ಟಿ ಪಾಕೀಟಿನಲ್ಲಿ ಬೆಂಗಳೂರಿಗೆ, ಅಲ್ಲಿಂದ ಪರದೇಶದ ಮಕ್ಕಳ ಮನೆಗೂ ಹೋಗುತ್ತದೆ. ಅದರಿಂದ ಅವರ ಸಂಸಾರ ನಡೆದಿದೆ, ಮಕ್ಕಳು ಓದಿದ್ದಾರೆ, ಆ ದುಡಿಮೆಗೆ ದೊಡ್ಡ ಬೆಲೆ ಇದೆ. ಆದರೆ ರೊಟ್ಟಿ ಪಂಚಮಿಯ ಆಸುಪಾಸಿನಲ್ಲಿ ಅವರಿಗೆ ಎಲ್ಲಿಲ್ಲದ ಗಡಿಬಿಡಿ. ಪಂಚಮಿ ಎಂದರೆ ಅಣ್ಣ ಕರೆಯಲು ಬರುವ ಹಬ್ಬ, ತವರಿಗೆ ಹೋಗಿ ಜೋಕಾಲಿ ಆಡುವ ಹಬ್ಬ. ವರ್ಷದಲ್ಲಿ ಹೆಣ್ಣಿಗೆಂದೇ ಇರುವ ಆ ಮೂರು ದಿನ ಇವರು ಇನ್ನೊಬ್ಬರ ಹಬ್ಬಕ್ಕಾಗಿ ಹಂಚಿನ ಮುಂದೆ ಕೂತಿರುತ್ತಾರೆ. ಮನೆಯ ಹೆಣ್ಣುಮಗಳ ಭಾರ ಇಳಿಸಿದೆವು ಎಂದು ನಾವು ಅಂದುಕೊಂಡದ್ದು ನಿಜ. ಆ ಭಾರ ಇನ್ನೊಬ್ಬ ಹೆಣ್ಣುಮಗಳ ಹೆಗಲಿಗೆ ಹೋಯಿತು. ಅವಳಿಗೆ ಯಾರು ರೊಟ್ಟಿ ಕೊಟ್ಟರು?

ಎಲ್ಲರೂ ಕೊಡಬೇಕು, ಎಲ್ಲರಿಗೂ ಬರಬೇಕು ಎಂಬ ಹಬ್ಬದಲ್ಲಿ ಬರೀ ಕೊಡುವವಳಾಗಿ ಒಬ್ಬಳು ಉಳಿದರೆ ಆ ಹಬ್ಬ ಪೂರ್ತಿ ಆಗಿಲ್ಲ ಎಂದೇ ಅರ್ಥ. ತಾಟಿನಲ್ಲಿ ಎಷ್ಟು ಬಗೆಯ ಪಲ್ಯ ಇದ್ದರೂ ಅದು ಪೂರ್ತಿ ಆಗುವುದಿಲ್ಲ.

ಇದಕ್ಕೆ ಖಾನಾವಳಿಗಳನ್ನು ಮುಚ್ಚಿಸುವುದು ಉಪಾಯವಲ್ಲ. ರೊಟ್ಟಿ ಪಂಚಮಿಯ ಕಟ್ಟನ್ನು ಖಾನಾವಳಿಯ ಒಳಗೂ ತರುವುದು ಉಪಾಯ. ಹುಬ್ಬಳ್ಳಿ-ಧಾರವಾಡದ ಖಾನಾವಳಿ ಮಾಲೀಕರಲ್ಲಿ ನನ್ನದೊಂದು ವಿನಂತಿ ಇದೆ. ಆ ಒಂದು ದಿನ ನಿಮ್ಮ ನಿಮ್ಮಲ್ಲೇ ರೊಟ್ಟಿ ಅದಲುಬದಲು ಮಾಡಿಕೊಳ್ಳಿ. ನಿಮ್ಮ ಬುಟ್ಟಿ ಎದುರಿನ ಖಾನಾವಳಿಗೆ ಹೋಗಲಿ, ಅವರದು ನಿಮ್ಮಲ್ಲಿಗೆ ಬರಲಿ. ಉಣ್ಣುವವರಿಗೆ ನಾಲ್ಕು ಕೈಯ ರೊಟ್ಟಿ ಸಿಗಲಿ, ಬಡಿದವರ ಹೆಸರನ್ನು ಹಲಗೆಯ ಮೇಲೆ ಬರೆದು ಹಾಕಿ. ದಿನದ ಕೂಲಿಗೆ ಹಬ್ಬದ ಕೂಲಿ ಸೇರಿಸಿ. ಮಧ್ಯಾಹ್ನದ ಊಟ ಮುಗಿದ ಮೇಲೆ ಆ ಹೆಂಗಸರನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ, ನೀವು ನಿಂತು ಬಡಿಸಿ. ಚೌತಿಗೂ ಪಂಚಮಿಗೂ ಅವರಿಗೆ ರಜೆ ಕೊಡಿ. ಹೇಗೂ ಪಂಚಮಿಯ ದಿನ ಹಂಚು ಇಡುವಂತಿಲ್ಲ. ಖಡಕ್ ರೊಟ್ಟಿ ಮಾಡಿಡುವುದೇ ಅದಕ್ಕಾಗಿ.

ಉಣ್ಣಲು ಹೋಗುವವರಿಗೂ ಒಂದು ಮಾತು. ಈ ಸಲ ಪಂಚಮಿಗೆ ಖಾನಾವಳಿಯ ಹಬ್ಬದ ತಾಟು ಉಂಡರೆ ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿಸಿಕೊಳ್ಳಿ. ನಿಮ್ಮ ಮಹಡಿಯಲ್ಲಿ ಬಾಗಿಲು ತೆರೆದು ನೀವಿನ್ನೂ ಮಾತನಾಡಿಸದ ಮನೆ ಒಂದಿರುತ್ತದೆ, ಅಲ್ಲಿಗೆ ಕೊಟ್ಟು ಬನ್ನಿ.