ಮಾರಿದವರ ಪಾಲು

ಕಳವಿನ ಮಾಲೆಂದು ಗೊತ್ತಿದ್ದೂ ಕೊಂಡವನು ತಪ್ಪಿತಸ್ಥನೆಂದು ನಾವೆಲ್ಲ ಒಪ್ಪುತ್ತೇವೆ. ಮಚ್ಚು ಮಾರಿದವನು? ಕೊಂಡವನು ಕಾಯಿ ಒಡೆಯುತ್ತಾನೋ ತಲೆ ಒಡೆಯುತ್ತಾನೋ ಅಂಗಡಿಯವನಿಗೇನು ಗೊತ್ತು, ಎನ್ನಬಹುದು. ಸರಿಯೇ. ಆದರೆ ಹೆಂಡತಿಯನ್ನು ಕಡಿಯುತ್ತೇನೆಂದು ಕೂಗಾಡುತ್ತ ಬಂದವನಿಗೂ, 'ನಾನು ಕೊಡದಿದ್ದರೆ ಪಕ್ಕದ ಅಂಗಡಿಯವನು ಕೊಡುತ್ತಾನೆ' ಎಂದು ಮಚ್ಚು ಕೊಟ್ಟು ದುಡ್ಡು ಎಣಿಸಿಕೊಂಡರೆ ಏನೆನ್ನೋಣ?

ದೇಶದೇಶಗಳ ಆಯುಧ ವ್ಯಾಪಾರದಲ್ಲೂ ಬಹುಕಾಲ ಕೇಳಿಬಂದದ್ದು ಇದೇ ಸಮಜಾಯಿಷಿ. 1994ರ ಏಪ್ರಿಲ್‌ನಲ್ಲಿ ರುವಾಂಡದಲ್ಲಿ ನರಮೇಧ ಶುರುವಾಯಿತು. ಅಲ್ಲಿಗೆ ಆಯುಧ ಕಳಿಸಕೂಡದೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹೇಳುವ ಹೊತ್ತಿಗೆ ನಲವತ್ತು ದಿನ ಕಳೆದಿದ್ದವು. ಮಾರುವ ಮೊದಲೇ ಯೋಚಿಸುವ ನಿಯಮ ಬೇಕೆಂದು 1997ರಲ್ಲಿ ಆಸ್ಕರ್ ಅರಿಯಾಸ್ ಮತ್ತಿತರ ನೊಬೆಲ್ ಶಾಂತಿ ಪುರಸ್ಕೃತರು ದನಿಯೆತ್ತಿದರು. ಅರಿಯಾಸರ ಕೋಸ್ಟರಿಕಾ ಸೈನ್ಯವನ್ನೇ ಇಟ್ಟುಕೊಳ್ಳದ ಪುಟ್ಟ ದೇಶ. ಪಕ್ಕದ ಅಂಗಡಿಯವರನ್ನೂ ಒಪ್ಪಿಸಬೇಕಲ್ಲ, ಅದಕ್ಕೆ ಹದಿನಾರು ವರ್ಷ ಹಿಡಿಯಿತು. 2013ರ ಏಪ್ರಿಲ್ 2ರಂದು 150ಕ್ಕೂ ಹೆಚ್ಚು ದೇಶಗಳು ವಿಶ್ವಸಂಸ್ಥೆಯಲ್ಲಿ ಆಯುಧ ವ್ಯಾಪಾರ ಒಪ್ಪಂದದ ಪರ ಮತ ಹಾಕಿದವು.

ಒಪ್ಪಂದ ಮಾರಾಟವನ್ನು ನಿಷೇಧಿಸಿಲ್ಲ. ನರಮೇಧಕ್ಕೆ ಬಳಕೆಯಾಗುವುದೆಂದು ಗೊತ್ತಿದ್ದರೆ ಮಾರಕೂಡದು. ಉಳಿದ ಕಡೆ ಅಪಾಯವನ್ನು ತೂಗಿ ನೋಡಬೇಕು. ಹೆಂಗಸರು, ಮಕ್ಕಳ ಮೇಲಿನ ಹಿಂಸೆಗೆ ಈ ಆಯುಧ ಒದಗೀತೇ ಎಂದೂ ಯೋಚಿಸಬೇಕೆನ್ನುತ್ತದೆ ಏಳನೆಯ ವಿಧಿ. ಗಂಡಸರೇ ಕೂತು ಬರೆಯುತ್ತಿದ್ದ ಇಂಥ ಕಾಗದಗಳಲ್ಲಿ ನಮ್ಮ ನೋವಿಗೂ ಒಂದು ಸಾಲು ಸಿಕ್ಕಿತಲ್ಲ ಎನ್ನಿಸಿತು ನನಗೆ.

ಕಾಗದದಿಂದ ಗುಂಡು ನಿಲ್ಲುತ್ತದೆಯೇ? ಒಪ್ಪಂದಕ್ಕೆ ಸೇರಿದ ಬ್ರಿಟನ್ನೇ ಯೆಮನ್ ಯುದ್ಧದ ಕಾಲದಲ್ಲಿ ಸೌದಿ ಅರೇಬಿಯಕ್ಕೆ ಆಯುಧ ಮಾರಿತು. ಹಿಂದಿನ ದಾಳಿಗಳಲ್ಲಿ ಯುದ್ಧನಿಯಮ ಮುರಿದಿತ್ತೇ ಎಂದು ನೋಡದೆ ಪರವಾನಗಿ ಕೊಟ್ಟದ್ದು ತಪ್ಪೆಂದು 2019ರಲ್ಲಿ ಅಲ್ಲಿನ ನ್ಯಾಯಾಲಯವೇ ಹೇಳಿತು. ಮರುವರ್ಷ ಮತ್ತೆ ಪರವಾನಗಿ ಶುರುವಾಯಿತು. ಆದರೂ ಕೇಳುವ ಹಕ್ಕು ಉಳಿಯಿತು. 'ಗೊತ್ತಿರಲಿಲ್ಲ' ಎಂದು ಜಾರಿಕೊಳ್ಳುವುದು ಮೊದಲಿನಷ್ಟು ಸುಲಭವಲ್ಲ.

2013ರಲ್ಲಿ ಭಾರತ ಯಾರ ಪರವೂ ಮತ ಹಾಕದೆ ತಟಸ್ಥವಾಗಿತ್ತು. ಒಪ್ಪಂದ ಮಾರುವ ದೇಶಗಳ ಕಡೆಗೇ ವಾಲಿದೆ, ಭಯೋತ್ಪಾದಕರ ವಿಷಯದಲ್ಲಿ ಸಡಿಲವಾಗಿದೆ ಎಂಬುದು ನಮ್ಮ ದೂರು. ಅದು ಬರಿಯ ನೆಪವಲ್ಲ; ನಾವು ಹೆಚ್ಚಾಗಿ ಕೊಳ್ಳುವವರಾಗಿದ್ದೆವು. ಈಗ ನಾವೂ ಮಾರುತ್ತೇವೆ. 2022ರಲ್ಲಿ ಬ್ರಹ್ಮೋಸ್ ಕ್ಷಿಪಣಿಗಾಗಿ ಫಿಲಿಪ್ಪೀನ್ಸ್ ನಮ್ಮೊಂದಿಗೆ ಕರಾರು ಮಾಡಿಕೊಂಡಿತು. ಪತ್ರಿಕೆಗಳು ಹೆಮ್ಮೆಯಿಂದ ಬರೆದವು, ನನಗೂ ಹೆಮ್ಮೆಯೇ ಆಯಿತು. ಕಾವಲಿಗೆ ಆಯುಧ ಬೇಕೆನ್ನುವ ದೇಶಕ್ಕೆ ಮಾರುವುದು ತಪ್ಪೆಂದು ನಾನು ಹೇಳಲಾರೆ. ಆದರೆ ನಾಳೆ ಬೇರೆಯವರೂ ಕೇಳಿಕೊಂಡು ಬರುತ್ತಾರೆ. ಬಂದವರ ಮುಖವನ್ನು ಒಮ್ಮೆ ನೋಡಿ, ಅವರ ಮನೆಯ ಹೆಂಗಸರು ಮಕ್ಕಳನ್ನು ನೆನೆದು, ಆಮೇಲೆ ದುಡ್ಡು ಎಣಿಸಿಕೊಳ್ಳೋಣ. ನಮಗೆ ಸಹಿಯಿಲ್ಲದಿದ್ದರೂ ಅಷ್ಟು ಮಾಡಲು ಯಾವ ಅಡ್ಡಿಯೂ ಇಲ್ಲ.